ಯಾವುದರ ನಂತರ ಯಾವುದು, ಮತ್ತು ಏಕೆ

ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಭತ್ತ ಹಾಕುವ ರೈತರು ತಮ್ಮ ಲೆಕ್ಕ ನೋಡಿಕೊಳ್ಳಲೆಂದು ಬಳ್ಳಾರಿಯ ಹುಡುಗರು ಒಂದು ಜಾಲತಾಣ ಕಟ್ಟುತ್ತಿದ್ದಾರೆ ಎಂದುಕೊಳ್ಳೋಣ. ಕುರುಗೋಡಿನ ರೈತರೊಬ್ಬರು ಮೊಬೈಲಿನಲ್ಲಿ ಖಾತೆ ತೆರೆದಾಗ ಅವರ ಕೋರಿಕೆ ನೇರವಾಗಿ ಲೆಕ್ಕದ ಪುಟಕ್ಕೆ ಹೋಗುವುದಿಲ್ಲ. ಒಂದು ಪದರ ಸಂಪರ್ಕ ಸುರಕ್ಷಿತವೇ ಎಂದು ನೋಡುತ್ತದೆ, ಮತ್ತೊಂದು ಆ ಭೇಟಿಯ ನೆನಪಾದ ಸೆಷನ್ ಅನ್ನು ಹುಡುಕುತ್ತದೆ, ಅದರ ಮುಂದಿನದು ಆ ಸೆಷನ್ ಯಾರದೆಂದು ಗುರುತಿಸುತ್ತದೆ. ಇವೇ ಮಿಡಲ್‌ವೇರ್‌ಗಳು.

ಇಂಥ ಜಾಲತಾಣ ಕಟ್ಟಲು ಬಳಸುವ ಫ್ರೇಮ್‌ವರ್ಕ್‌ಗಳಲ್ಲಿ ಜಾಂಗೊ ಒಂದು. 2005ರಲ್ಲಿ ಬಿಡುಗಡೆಯಾದ ಅದು ಹುಟ್ಟಿದ್ದು ಅಮೆರಿಕದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. ಅದರಲ್ಲಿ ಹೊಸ ಪ್ರಾಜೆಕ್ಟ್ ಶುರುಮಾಡಿದರೆ ಇಂಥ 7 ಪದರಗಳ ಪಟ್ಟಿ ಸಿದ್ಧವಾಗಿಯೇ ಸಿಗುತ್ತದೆ. ಈ ಪಟ್ಟಿಗೆ ದಾಖಲೆ ಬರೆಯುವಾಗ ಹೆಸರುಗಳನ್ನು ಸಾಲಾಗಿ ಬರೆದಿಡಲು ಯಾರಿಗಾದರೂ ಬರುತ್ತದೆ. ಕಸುಬು ಇರುವುದು ಹಿಂದಿರುಗುವ ದಾರಿಯನ್ನು ಬರೆಯುವುದರಲ್ಲಿ. ಕೋರಿಕೆ ಪಟ್ಟಿಯ ಮೇಲಿನಿಂದ ಕೆಳಗೆ ಇಳಿಯುತ್ತದೆ, ಉತ್ತರ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಗುಡಿಯಲ್ಲಿ ಮಹಾದ್ವಾರ ದಾಟಿ, ರಂಗಮಂಟಪ ದಾಟಿ ಒಳಗೆ ಹೋದವರಿಗೆ ಹೊರಬರುವಾಗ ಮಹಾದ್ವಾರವೇ ಕೊನೆಯದಾಗುವ ಹಾಗೆ, ಪಟ್ಟಿಯ ಮೊದಲ ಪದರಕ್ಕೆ ಉತ್ತರ ಸಿಗುವುದು ಎಲ್ಲರಿಗಿಂತ ಕೊನೆಗೆ.

ಉತ್ತರವನ್ನು ಮತ್ತೆ ಬಳಸಲೆಂದು ಕ್ಯಾಶ್‌ನಲ್ಲಿ ಉಳಿಸುವ ಪದರವನ್ನು ನೋಡಿ. ಅದು ಕೊನೆಗೆ ಮಾಡುವ ಕೆಲಸ, ಆದರೆ ಪಟ್ಟಿಯಲ್ಲಿ ಅದರ ಜಾಗ ಸೆಷನ್‌ಗಿಂತ ಮೇಲೆ! ಈ ಪುಟ ಬಳಕೆದಾರರನ್ನು ಗುರುತಿಸುವ ಕುಕಿಯನ್ನು ಅವಲಂಬಿಸಿದೆ ಎಂಬ ಗುರುತನ್ನು ಸೆಷನ್ ಪದರ ಹಚ್ಚುವುದು ಉತ್ತರ ಹಿಂದಿರುಗುವಾಗ. ಉಳಿಸುವವನು ಅದನ್ನು ಕಂಡ ಮೇಲೆಯೇ ಉಳಿಸಬೇಕು. ಕ್ಯಾಶ್ ಪದರವನ್ನು ಕೆಳಗಿಟ್ಟರೆ ಆ ಗುರುತಿಲ್ಲದೆ ಪುಟ ಉಳಿದುಬಿಡುತ್ತದೆ, ಕುರುಗೋಡಿನವರ ಲೆಕ್ಕ ಸಿರುಗುಪ್ಪದವರ ಮೊಬೈಲಿನಲ್ಲಿ ತೆರೆದೀತು. ಪ್ರೋಗ್ರಾಂ ಎಲ್ಲಿಯೂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಇಂಥದ್ದನ್ನು ಮುಂಚೆಯೇ ಊಹಿಸಿ ಬರೆದಿಟ್ಟವರ ಬಗ್ಗೆ ನನಗೆ ನಿಜವಾದ ಗೌರವ.

ಜಾಂಗೊದ ದಾಖಲೆ ಇಲ್ಲಿ ಮಾದರಿ. ಬಳಕೆದಾರರ ಗುರುತು ಹಿಡಿಯುವ ಪದರ ಸೆಷನ್ ನಂತರ ಬರಲಿ, ಏಕೆಂದರೆ ಅದಕ್ಕೆ ಸೆಷನ್ ಬೇಕು. ಭಾಷೆ ಆರಿಸುವ ಪದರ ವಿಳಾಸ ಪರಿಶೀಲಿಸುವ ಪದರಕ್ಕಿಂತ ಮೊದಲಿರಲಿ, ಏಕೆಂದರೆ ವಿಳಾಸ ಬಿಡಿಸಲು ಭಾಷೆ ಗೊತ್ತಿರಬೇಕು. ಹೀಗೆ ಒಂದೊಂದು ಪದರಕ್ಕೂ ಒಂದೆರಡು ಸಾಲು, ಸಾಲಿನಲ್ಲಿ ಕಾರಣ. ನಾಳೆ ಹೊಸ ಪದರ ಸೇರಿಸುವ ಹುಡುಗಿ ಆ ಕಾರಣ ಓದಿ ತಾನೇ ಜಾಗ ಹುಡುಕಬಲ್ಲಳು.

ಇಂಥ ದಾಖಲೆಯ ಒಳ್ಳೆಯ ಬರಹಗಾರರು ತಾವು ಬರೆದುದನ್ನು ನಂಬಿ ಕೂರುವುದಿಲ್ಲ. ಪ್ರತಿ ಪದರವೂ ಹೋಗುವಾಗ, ಬರುವಾಗ ತನ್ನ ಹೆಸರನ್ನು ಲಾಗ್‌ಗೆ ಹಾಕುವಂತೆ ಮಾಡಿ, ಒಂದು ಕೋರಿಕೆ ಕಳಿಸಿ, ಬಂದ ಸಾಲನ್ನು ದಾಖಲೆಯೊಡನೆ ತಾಳೆ ನೋಡುತ್ತಾರೆ. ಕ್ರಮದ ಕಾರಣ ಹೇಳುವ ಟಿಪ್ಪಣಿಯನ್ನು ಬೇರೆಲ್ಲೋ ಇಡದೆ ಸೆಟ್ಟಿಂಗ್ಸ್ ಫೈಲಿನಲ್ಲಿ ಪಟ್ಟಿಯ ಪಕ್ಕದಲ್ಲೇ ಬರೆಯುತ್ತಾರೆ. ಪಟ್ಟಿ ಬದಲಿಸಲು ಬಂದವರಿಗೆ ಅದು ಕಣ್ಣಿಗೆ ಬೀಳಲೇಬೇಕು.