ಕಡಬದ ಕೆರೆಗೆ ಒಂದು ಜಲಾಂತರ್ಗಾಮಿ

ಗುಬ್ಬಿ ಸೀಮೆಯ ತೆಂಗು, ಅಡಿಕೆ ತೋಟಗಳಲ್ಲಿ ನೀರಿನೊಳಗೇ ಇದ್ದು ದುಡಿಯುವ ಯಂತ್ರವೊಂದಿದೆ. ಕೊಳವೆಬಾವಿಗೆ ನೂರಾರು ಅಡಿ ಇಳಿಸಿದ ಸಬ್‌ಮರ್ಸಿಬಲ್ ಮೋಟರು. ಅದು ಸುಟ್ಟಾಗ ಪೈಪು ಎತ್ತಿಸಿ, ಮೋಟರನ್ನು ರಿವೈಂಡಿಂಗ್ ಅಂಗಡಿಗೆ ಸಾಗಿಸುವ ಗೋಳು ಈ ಭಾಗದ ರೈತರಿಗೆ ಹೊಸದಲ್ಲ. ಆ ಅಂಗಡಿಯ ಮೆಕ್ಯಾನಿಕ್‌ಗೆ ಜಲಾಂತರ್ಗಾಮಿ ಕಟ್ಟುವ ಅರ್ಧ ವಿದ್ಯೆ ಆಗಲೇ ಗೊತ್ತಿದೆ. ಯಾರೂ ಅದನ್ನು ಆ ಹೆಸರಿನಿಂದ ಕರೆದಿಲ್ಲ, ಅಷ್ಟೆ.

ಬಹುಪಾಲು ಬೋರ್‌ವೆಲ್ ಮೋಟರುಗಳ ಒಳಗೆ ಮೊದಲೇ ನೀರು ತುಂಬಿರುತ್ತದೆ. ಇಳಿಸುವ ಮುನ್ನ ಮೆಕ್ಯಾನಿಕ್ ಚೊಕ್ಕ ನೀರು ಹುಯ್ದು, ಗಾಳಿಯ ಗುಳ್ಳೆ ಹೊರಹೋಗುವವರೆಗೆ ಕಾದು, ಬಿರಡೆ ಬಿಗಿಯುತ್ತಾನೆ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ವೈಂಡಿಂಗ್ ನೆನೆದರೂ ಕೆಡದು. ತಳದಲ್ಲೊಂದು ರಬ್ಬರ್ ಪೊರೆ ಇದ್ದು, ಹೊರಗಿನ ಒತ್ತಡ ಎಷ್ಟಿದೆಯೋ ಒಳಗೂ ಅಷ್ಟೇ ಆಗುವಂತೆ ನೋಡಿಕೊಳ್ಳುತ್ತದೆ. ಒಳಗೂ ಹೊರಗೂ ಒತ್ತಡ ಸಮವಾದ ಮೇಲೆ ಕವಚ ಜಜ್ಜಿಹೋಗುವ ಮಾತೇ ಇಲ್ಲ. ನೀರಿಗಿಳಿಯುವ ಯಾವ ಯಂತ್ರಕ್ಕೂ ಮೊದಲ ಪ್ರಶ್ನೆ ಇದೇ: ನೀರನ್ನು ಎಲ್ಲಿ ಒಳಗೆ ಬಿಡಬೇಕು, ಎಲ್ಲಿ ತಡೆಯಬೇಕು?

ಹತ್ತು ಮೀಟರ್ ಆಳಕ್ಕೆ ಹೋದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ ಹೆಚ್ಚುತ್ತದೆ. ಕೇಳಲು ಅಲ್ಪ. ಆದರೆ 60 ಸೆಂ.ಮೀ. ಉದ್ದ, ಅಷ್ಟೇ ಅಗಲದ ಮುಚ್ಚಳವೊಂದರ ಮೇಲೆ ಕೇವಲ ಐದು ಮೀಟರ್ ಆಳದಲ್ಲಿ 1,800 ಕೆ.ಜಿ. ಭಾರ ಬೀಳುತ್ತದೆ. ಒಳಗೊಬ್ಬ ಮನುಷ್ಯನಿದ್ದರೆ ಆ ಮುಚ್ಚಳವನ್ನು ಅವನು ಜನ್ಮದಲ್ಲಿ ತೆರೆಯಲಾರ. ಆದ್ದರಿಂದ ಮನೆಯಲ್ಲಿ ಕಟ್ಟುವ ಜಲಾಂತರ್ಗಾಮಿಯೊಳಗೆ ಮನುಷ್ಯ ಕೂರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒತ್ತಡ ಹಾಗಿರಲಿ, ಉಸಿರೂ ಒಂದು ಕಾರಣವೇ. ಒಂದು ಘನ ಮೀಟರ್ ಗಾಳಿಯಲ್ಲಿ ಒಬ್ಬ ಸುಮ್ಮನೆ ಕೂತರೂ ಒಂದು ಗಂಟೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 2ರ ಆಸುಪಾಸಿಗೆ ಏರುತ್ತದೆ. ಆಮ್ಲಜನಕ ತೀರುವ ಎಷ್ಟೋ ಮೊದಲೇ ತಲೆನೋವು, ಏದುಸಿರು, ಗೊಂದಲ ಶುರುವಾಗುತ್ತವೆ. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೋದ ಟೈಟನ್ ನೌಕೆ ಕುಸಿದು ಐವರು ಸತ್ತರು. ಹಣವೂ ತಂತ್ರಜ್ಞರೂ ಇದ್ದ ಕಂಪನಿ ಕಟ್ಟಿದ ನೌಕೆ ಅದು.

ಮನುಷ್ಯರನ್ನು ಹೊತ್ತ ಕೈಕಟ್ಟಿನ ನೌಕೆಗಳ ಇತಿಹಾಸ ಮಾತ್ರ ಮೈನವಿರೇಳಿಸುವಂಥದ್ದು. ಡೇವಿಡ್ ಬುಶ್‌ನೆಲ್ ಕಟ್ಟಿದ ಓಕ್ ಮರದ ‘ಟರ್ಟಲ್’ 1776ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಂದರಿನ ಬ್ರಿಟಿಷ್ ಯುದ್ಧನೌಕೆಯ ಅಡಿಗೆ ನುಸುಳಿತು. ಕಾಲಿನಿಂದ ಒತ್ತುವ ಕವಾಟದಿಂದ ನೀರು ಒಳಗೆ, ಕೈಪಂಪಿನಿಂದ ನೀರು ಹೊರಗೆ. ಉಸಿರಾಟಕ್ಕಿದ್ದ ಗಾಳಿ ಅರ್ಧ ಗಂಟೆಯದು. ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಅಮೆರಿಕದ ಸೈಮನ್ ಲೇಕ್ 1894ರಲ್ಲಿ ಕಟ್ಟಿದ ‘ಆರ್ಗನಾಟ್ ಜೂನಿಯರ್’. ಹದಿನಾಲ್ಕು ಅಡಿ ಉದ್ದದ ಪೈನ್ ಹಲಗೆಯ ಪೆಟ್ಟಿಗೆ, ಎರಡು ಪದರದ ಹಲಗೆಯ ನಡುವೆ ರಾಳ ಬಳಿದ ಕ್ಯಾನ್ವಾಸ್, ನೆಲದ ಮೇಲೆ ಉರುಳಲು ಚಕ್ರ. ಒತ್ತಿದ ಗಾಳಿ ತುಂಬಿಡಲು ಸೋಡಾ ಅಂಗಡಿಯ ತೊಟ್ಟಿ, ಗಾಳಿ ಒತ್ತಲು ಕೊಳಾಯಿ ಕೆಲಸದವರ ಕೈಪಂಪು. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನ ನೀರಿಗೆ ಸಮ ಮಾಡಿಬಿಟ್ಟರೆ ತಳದ ಬಾಗಿಲನ್ನು ತೆರೆದಿಟ್ಟರೂ ನೀರು ನುಗ್ಗದು ಎಂದು ಲೇಕ್ ತೋರಿಸಿಕೊಟ್ಟ. ನಮ್ಮ ಬೋರ್‌ವೆಲ್ ಮೋಟರಿನ ರಬ್ಬರ್ ಪೊರೆಯ ಹಿಂದಿರುವುದೂ ಇದೇ ಉಪಾಯ.

ಈಗ ಗುಬ್ಬಿ ಸೀಮೆಯ ಕಡಬಕ್ಕೆ ಬರೋಣ. ಇಲ್ಲಿನ ದೊಡ್ಡ ಕೆರೆ ಶಿಂಷಾ ನದಿಗೆ ಅಡ್ಡಲಾಗಿ ಏರಿ ಹಾಕಿ ಮಾಡಿದ್ದು. ಲಂಕೆಯಿಂದ ಮರಳುವಾಗ ಸೀತೆಯ ಕೋರಿಕೆಯಂತೆ ರಾಮನೇ ಕಟ್ಟಿಸಿದ್ದೆಂಬ ಐತಿಹ್ಯ ಇದಕ್ಕಿದೆ. ಇದೇ ಶಿಂಷಾ ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಜಲಾಶಯಕ್ಕೆ ಸೇರುತ್ತದೆ. ಅಲ್ಲಿ ಹೆಚ್ಚಾದ ನೀರನ್ನು ಹೊರಬಿಡುವ ಸೈಫನ್ ಕೊಳವೆಗಳನ್ನು ತೆರೆಯಲು ಗೇಟುಗಳೂ ಬೇಡ, ಆಳುಗಳೂ ಬೇಡ. ನೀರು ಮಟ್ಟ ಮೀರಿದಾಗ ಕೊಳವೆಯೊಳಗಿನ ಗಾಳಿ ಹೊರಬಿದ್ದು ನೀರು ತಾನಾಗಿ ಧುಮುಕುತ್ತದೆ. ಮಟ್ಟ ಇಳಿದು ಗಾಳಿ ಒಳಸೇರಿದೊಡನೆ ತಾನಾಗಿ ನಿಲ್ಲುತ್ತದೆ. ಗಾಳಿಯನ್ನು ಆಳಿದರೆ ನೀರನ್ನು ಆಳಿದಂತೆ. ಜಲಾಂತರ್ಗಾಮಿಯ ನೀರತೊಟ್ಟಿ ನಡೆಯುವುದೂ ಹೀಗೆಯೇ.

ಪುಟ್ಟದೊಂದನ್ನು ಕಟ್ಟುವ ಲೆಕ್ಕ ಹೀಗಿದೆ. ನಾಲ್ಕಿಂಚಿನ, ಅಂದರೆ 110 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪನ್ನು ಅರ್ಧ ಮೀಟರ್ ಕತ್ತರಿಸಿ ಎರಡೂ ಕಡೆ ಮುಚ್ಚಿದರೆ ಅದು ಸುಮಾರು 4.75 ಲೀಟರ್ ನೀರನ್ನು ಸರಿಸುತ್ತದೆ. ಹಾಗಾಗಿ ಅದು 4.75 ಕೆ.ಜಿ. ತೂಗುವವರೆಗೆ ಮುಳುಗುವುದಿಲ್ಲ. ಹೊಸಬರು ತಡವರಿಸುವುದು ಇಲ್ಲಿಯೇ: ನೀರು ಒಳಬರುತ್ತದೆಂದು ಹೆದರಿ ಸೀಲು ಮಾಡಿ ನೀರಿಗೆ ಬಿಟ್ಟರೆ ಅದು ಬೆಂಡಿನಂತೆ ತೇಲುತ್ತದೆ. ಪೈಪಿನ ತಳದಲ್ಲಿ ಮೂರು ಕೆ.ಜಿ.ಗೂ ಮಿಕ್ಕಿ ಕಬ್ಬಿಣದ ತುಂಡುಗಳನ್ನು ಕೂರಿಸಬೇಕು. ಭಾರ ತಳದಲ್ಲೇ ಇರಬೇಕು, ಜರುಗದಂತೆ ಬಿಗಿಯಾಗಿರಬೇಕು. ಮೇಲಿದ್ದರೆ ನೌಕೆ ಮಗುಚಿಕೊಳ್ಳುತ್ತದೆ.

ಏಳಿಸಿ ಇಳಿಸಲು ಹೊರಗಡೆ ಕಾಲು ಲೀಟರ್ ಬಾಟಲಿಯೊಂದನ್ನು ಕಟ್ಟಿದರೆ ಸಾಕು. ತಳದಲ್ಲಿ ತೂತು, ನೆತ್ತಿಯಿಂದ ಸಲೈನ್ ಪೈಪಿನಂಥ ತೆಳು ಕೊಳವೆ ದಡದವರೆಗೆ. ಕೊಳವೆಯ ಬಾಯಿ ತೆರೆದರೆ ಗಾಳಿ ಹೊರಬಂದು ನೀರು ತುಂಬುತ್ತದೆ, ನೌಕೆ ಇಳಿಯುತ್ತದೆ. ಸೈಕಲ್ ಪಂಪಿನಿಂದ ಗಾಳಿ ಒತ್ತಿದರೆ ನೀರು ಹೊರಬಿದ್ದು ಮೇಲೇಳುತ್ತದೆ. ಬಾಟಲಿ ಪೂರ್ತಿ ತುಂಬಿದಾಗ ನೌಕೆ ನೂರು ಗ್ರಾಂ ಭಾರವಾಗುವಂತೆ, ಖಾಲಿಯಾದಾಗ ನೂರೈವತ್ತು ಗ್ರಾಂ ಹಗುರವಾಗುವಂತೆ ಹೊಂದಿಸಬೇಕು. ಬಾಟಲಿಯನ್ನು ಅರ್ಧ ತುಂಬಿಸಿ ನೀರ ನಡುವೆ ನಿಲ್ಲಿಸುತ್ತೇನೆಂದು ಹೊರಟರೆ ಕೈಕೊಡುತ್ತದೆ. ಆಳಕ್ಕೆ ಹೋದಂತೆ ಉಳಿದ ಗಾಳಿ ಕುಗ್ಗುತ್ತದೆ, ಕುಗ್ಗಿದಷ್ಟೂ ನೌಕೆ ಭಾರವಾಗುತ್ತದೆ, ಭಾರವಾದಷ್ಟೂ ಇನ್ನೂ ಬೇಗ ಇಳಿಯುತ್ತದೆ.

ನೌಕೆಯನ್ನು ಮುಂದೂಡುವ ಪ್ರೊಪೆಲ್ಲರನ್ನು ದಡದಿಂದ ನಡೆಸಲು ರೇಡಿಯೊ ರಿಮೋಟ್ ಆಗದು. ಡ್ರೋನ್‌ಗಳಲ್ಲಿ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ಗೇಣುದ್ದ ನೀರೇ ನುಂಗಿಬಿಡುತ್ತದೆ. ತಂತಿಯೇ ಗತಿ, ಜೊತೆಗೊಂದು ಗಟ್ಟಿ ನೈಲಾನ್ ಹಗ್ಗ. ಪ್ರೊಪೆಲ್ಲರಿನ ಕಂಬಿ ಹೊರಬರುವ ಜಾಗಕ್ಕೆ ಗ್ರೀಸ್ ತುಂಬಿದ ಹಿತ್ತಾಳೆ ಕೊಳವೆ ಹಾಕುವುದು ವಾಡಿಕೆ. ತಂತಿ ಒಳಹೋಗುವ ತೂತಿಗೆ ಎಪಾಕ್ಸಿ. ಬೋರ್‌ವೆಲ್ ಕೇಬಲ್ಲಿಗೆ ರಬ್ಬರ್ ಟೇಪು ಎಳೆದೆಳೆದು ಸುತ್ತಿ ಜಾಯಿಂಟ್ ಹಾಕುವವರ ಕೈಚಳಕ ಇಲ್ಲಿ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸ ನಮ್ಮ ದೇಶದಲ್ಲೂ ನಡೆದಿದೆ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲೆಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ ‘ಮತ್ಸ್ಯ 6000’ ನೌಕೆಗೆ 80 ಮಿ.ಮೀ. ದಪ್ಪದ ಟೈಟಾನಿಯಂ ಗೋಳ ಬೇಕು. ಅದನ್ನು ಎಲೆಕ್ಟ್ರಾನ್ ಕಿರಣದಿಂದ ಬೆಸೆಯುವ ಹೊಣೆ ಹೊತ್ತದ್ದು ಇಸ್ರೊ. ರಾಕೆಟ್ ಕಟ್ಟುವವರು ಸಮುದ್ರದ ತಳಕ್ಕೂ ಬೆಸುಗೆ ಹಾಕಬೇಕಾಗಿ ಬಂದದ್ದು ಹೆಮ್ಮೆಯ ಸಂಗತಿ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜಾಗ ಇಂದು ಅದೇ ಇಸ್ರೊ ಕೈಯಲ್ಲಿರುವುದನ್ನು ನೆನೆದರೆ, ಗುಬ್ಬಿಯ ಹುಡುಗ ಹುಡುಗಿಯರಿಗೆ ಈ ವಿದ್ಯೆ ದೂರದ್ದೆಂದು ನನಗನಿಸುವುದಿಲ್ಲ.

ಈ ಪುಟ್ಟ ನೌಕೆಗೆ ಊರಲ್ಲಿ ಕೆಲಸವೂ ಇದೆ. ನಮ್ಮ ಹಳೆಯ ಕೆರೆಗಳ ತೂಬಿನ ಬಾಯಿ ನೀರೊಳಗೆ ಹೇಗಿದೆ, ಹೂಳು ಎಲ್ಲಿಯವರೆಗೆ ಬಂದಿದೆ, ಕಲ್ಲು ಜರುಗಿದೆಯೇ ಎಂಬುದನ್ನು ಕೆರೆ ಬತ್ತುವ ತನಕ ಕಾಯದೆ ತಿಳಿಯಬೇಕಾದರೆ ಯಾರಾದರೂ ಮುಳುಗಿ ತಡವಬೇಕು. ಅದು ಜೀವಕ್ಕೆ ಅಪಾಯದ ಕೆಲಸ. ಒಂದು ಸಣ್ಣ ಕ್ಯಾಮೆರಾ, ಅದರ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ ಎಲ್‌ಇಡಿ ದೀಪ ಇದ್ದರೆ ಈ ಪೈಪು ಆ ಕೆಲಸಕ್ಕೆ ಆದೀತು. ದೀಪ ಕ್ಯಾಮೆರಾಕ್ಕೆ ಅಂಟಿಕೊಂಡಿದ್ದರೆ ಕಲಕಿದ ನೀರಿನ ಮಣ್ಣಿನ ಕಣಗಳೇ ಹೊಳೆದು ಬೇರೇನೂ ಕಾಣದು. ತೂಬು ತೆರೆದಿರುವಾಗ ಮಾತ್ರ ಹತ್ತಿರ ಬಿಡಬಾರದು, ಸೆಳವು ಅದನ್ನು ಒಳಗೆಳೆದು ತೂಬನ್ನೇ ಕಟ್ಟಿಬಿಡುತ್ತದೆ. ಮೊದಲು ನೀರುಗಂಟಿಯನ್ನೂ ಪಂಚಾಯ್ತಿಯನ್ನೂ ಕೇಳಿ, ತೂಬು ಮುಚ್ಚಿದ್ದನ್ನು ಕಣ್ಣಾರೆ ಕಂಡು, ಹಗ್ಗದ ತುದಿಯನ್ನು ಏರಿಯ ಮೇಲಿನ ಮರಕ್ಕೆ ಕಟ್ಟಿದ ಮೇಲೆಯೇ ನೌಕೆಯನ್ನು ನೀರಿಗೆ ಬಿಡಬೇಕು.