ಲಾರಿ ಸ್ಟಾರ್ಟ್ ಆಗಲಿಲ್ಲ ಯಾಕೆ? – ರಸ್ತೆ ಬದಿಯ ಒಂದು ವಿದ್ಯುತ್ ಪಾಠ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಮುಳ್ಳೇರಿಯದಲ್ಲಿ ಬಸ್ಸಿಳಿದು ಶಾಲೆಗೆ ಹೊರಟಿದ್ದೆ. ಚೆರ್ಕಳ–ಜಾಲ್ಸೂರು ರಸ್ತೆಯ ಬದಿಯಲ್ಲಿ ಕೆಂಪುಕಲ್ಲು ತುಂಬಿದ ಲಾರಿಯೊಂದು ನಿಂತಿತ್ತು. ಡ್ರೈವರ್ ನನ್ನ ಹಳೆಯ ವಿದ್ಯಾರ್ಥಿ.

“ಎಂತ ಆಯ್ತು?” ಎಂದೆ.

“ರಾತ್ರಿ ಹಿಂದಿನ ಲೈಟ್ ಹೋಯ್ತು ಸರ್, ಸುಟ್ಟ ವಾಸನೆ ಬಂತು. ಬದಿಗೆ ಹಾಕಿ ಆಫ್ ಮಾಡಿದೆ. ಈಗ ಕೀ ತಿರುಗಿಸಿದರೆ ಟಿಕ್ ಅಂತ ಶಬ್ದವೂ ಇಲ್ಲ. ಬ್ಯಾಟರಿ ಹೊಸತು, ಹೆಡ್‌ಲೈಟ್ ಚೆನ್ನಾಗಿ ಉರೀತದೆ. ಹಿಂದಿನ ಲೈಟಿನ ವಯರ್ ಸುಟ್ಟರೆ ಇಂಜಿನ್ ಯಾಕೆ ಸ್ಟಾರ್ಟ್ ಆಗುವುದಿಲ್ಲ ಸರ್?”

ಅವನಿಗೆ ಜೂಲ್‌ನ ನಿಯಮ ಕಲಿಸಿದವನು ನಾನೇ. ಆದರೆ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಪುನಃ ಹೋದೆ. ವಯರಿಂಗ್ ಕೆಲಸದವರು ಬಂದಿದ್ದರು. ಅವರ ಬಳಿ ನಿಂತು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಶಾರ್ಟ್ ಆಗುವುದೆಂದರೆ

ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಶ್ರೇಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಬ್ಯಾಟರಿಯ ಋಣ ತುದಿಯನ್ನು ಚಾಸಿಗೆ ಜೋಡಿಸಿರುತ್ತಾರೆ. ಆದ್ದರಿಂದ ಬಲ್ಬಿಗೆ ಹೋಗುವುದಕ್ಕೆ ಮಾತ್ರ ವಯರ್ ಇದ್ದರೆ ಸಾಕು, ಹಿಂತಿರುಗುವ ದಾರಿ ಚಾಸಿಯ ಕಬ್ಬಿಣವೇ. ಇದರಿಂದ ವಯರ್ ಉಳಿಯುತ್ತದೆ. ಆದರೆ ವಯರಿನ ಹೊದಿಕೆ ಎಲ್ಲಿ ಸವೆದು ಚಾಸಿಗೆ ತಾಗಿದರೂ ಬಲ್ಬನ್ನು ಬಿಟ್ಟು ಅಡ್ಡದಾರಿಯೊಂದು ಸಿಕ್ಕಿಬಿಡುತ್ತದೆ.

ಲೆಕ್ಕ ಹಾಕಿ ನೋಡೋಣ. 24 ವೋಲ್ಟ್, 21 ವಾಟ್‌ನ ಬಲ್ಬಿಗೆ ಸುಮಾರು 0.9 ಆಂಪಿಯರ್ ಸಾಕು. ಅಡ್ಡದಾರಿಯ ಒಟ್ಟು ಪ್ರತಿರೋಧ 0.12 ಓಮ್ ಎಂದಿಟ್ಟುಕೊಂಡರೆ ವಿದ್ಯುತ್ ಪ್ರವಾಹ 24 ÷ 0.12 = 200 ಆಂಪಿಯರ್. ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಅದೇ ವಯರಿನಲ್ಲಿ 1 ಆಂಪಿಯರ್ ಹರಿಯುವಾಗ ಉಂಟಾಗುವ ಬಿಸಿಯ 40,000 ಪಟ್ಟು! ಅಷ್ಟಾಗುವ ಮೊದಲೇ ಫ್ಯೂಸ್ ಕರಗಬೇಕು. ಫ್ಯೂಸ್ ಇರುವುದೇ ವಯರನ್ನು ಕಾಪಾಡುವುದಕ್ಕೆ.

ಈ ಲಾರಿಯಲ್ಲಿ ಫ್ಯೂಸ್ ಕರಗಲಿಲ್ಲ. ಹಿಂದೊಮ್ಮೆ ಹೋದಾಗ ಅದರ ಜಾಗದಲ್ಲಿ ಯಾರೋ ತಾಮ್ರದ ಎಳೆ ಸುತ್ತಿಟ್ಟಿದ್ದರು. ಹಾಗಾಗಿ ವಯರೇ ಫ್ಯೂಸಿನಂತೆ ಸುಟ್ಟಿತು. ಕ್ಯಾಬಿನ್ನಿನಿಂದ ಇಳಿಯುವ ವಯರುಗಳ ಕಟ್ಟಿನಲ್ಲಿ ಅದರ ಪಕ್ಕದಲ್ಲೇ ಸೆಲ್ಫಿನ ವಯರ್ ಇತ್ತು. ಅದೂ ಕರಗಿ ತುಂಡಾಯಿತು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇದು.

ದೋಷ ಹುಡುಕುವ ಕ್ರಮ

1. ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಬೇಕು. ಧನ ತುದಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ ಅಲ್ಲಿಯೇ ಇನ್ನೊಂದು ಶಾರ್ಟ್. ಉಂಗುರ, ಲೋಹದ ವಾಚು ಕೈಯಲ್ಲಿರಬಾರದು. ಸುಟ್ಟ ವಯರುಗಳನ್ನು ಬೇರ್ಪಡಿಸಿದ ಮೇಲೆಯೇ ಪುನಃ ಜೋಡಿಸಿ ಪರೀಕ್ಷೆ.

2. ಪೂರ್ತಿ ಚಾರ್ಜ್ ಇರುವ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎರಡೂ ಸೇರಿ ಸುಮಾರು 25. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ತೀರಾ ಕುಗ್ಗಿದರೆ ಬ್ಯಾಟರಿ ಅಥವಾ ಟರ್ಮಿನಲ್ ನೋಡಿ. ಯಾವ ಲೈಟೂ ಇಲ್ಲದಿದ್ದರೆ ಮುಖ್ಯ ಫ್ಯೂಸ್ ನೋಡಿ. ಬೆಳಕು ಕುಗ್ಗದೆ, ಸೆಲ್ಫಿನ ಶಬ್ದವೂ ಇಲ್ಲದಿದ್ದರೆ ಕೀಯಿಂದ ಸೆಲ್ಫಿಗೆ ಹೋಗುವ ದಾರಿಯಲ್ಲೇ ತೊಂದರೆ ಇರುವ ಸಂಭವ ಹೆಚ್ಚು.

3. ಸೆಲ್ಫ್ ತಿರುಗಿಸಲು ನೂರಾರು ಆಂಪಿಯರ್ ಬೇಕು. ಅದು ಕೀ ಮೂಲಕ ಹೋಗುವುದಿಲ್ಲ. ಕೀಯಿಂದ ಹೋಗುವ ಸಣ್ಣ ಪ್ರವಾಹ ಸೊಲೆನಾಯ್ಡ್ ಎಂಬ ವಿದ್ಯುತ್ ಕಾಂತಕ್ಕೆ ಬಲ ಕೊಡುತ್ತದೆ, ಅದು ದಪ್ಪ ಕೇಬಲಿನ ಸಂಪರ್ಕ ಮಾಡಿಸುತ್ತದೆ. ಆ ಸಣ್ಣ ವಯರ್ ತುಂಡಾದರೆ ಬ್ಯಾಟರಿ ಎಷ್ಟು ಹೊಸತಾದರೂ ಪ್ರಯೋಜನವಿಲ್ಲ.

4. ಸೆಲ್ಫ್ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ? ಡೀಸೆಲ್ ಇಂಜಿನಿಗೆ ಕಿಡಿ ಬೇಡ, ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಆದರೆ ಇಂಧನ ಬರಬೇಕಲ್ಲ! ಕೆಲವು ಹಳೆಯ ಪಂಪುಗಳಲ್ಲಿ ಡೀಸೆಲಿನ ದಾರಿ ತೆರೆಯಲು ಇನ್ನೊಂದು ಸೊಲೆನಾಯ್ಡ್ ಇರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಇಂಧನ ಬಿಡುವುದು ಕಂಪ್ಯೂಟರ್. ಅದರ ಫ್ಯೂಸ್, ರಿಲೇ ನೋಡಬೇಕು.

ಬಲ್ಬಿನ ಉಪಾಯ

ನನಗೆ ತುಂಬ ಇಷ್ಟವಾದದ್ದು ಇದು. ಸುಟ್ಟ ವಯರುಗಳನ್ನು ಬದಲಿಸಿದ ಮೇಲೆ ಆ ಕೆಲಸದವರು ಕೂಡಲೇ ಹೊಸ ಫ್ಯೂಸ್ ಹಾಕಲಿಲ್ಲ. ಫ್ಯೂಸಿನ ಜಾಗಕ್ಕೆ 24 ವೋಲ್ಟಿನ ಒಂದು ಬಲ್ಬ್ ಜೋಡಿಸಿ, ಹಿಂದಿನ ಬಲ್ಬುಗಳನ್ನು ತೆಗೆದು, ಲೈಟಿನ ಸ್ವಿಚ್ ಹಾಕಿದರು. ಪರೀಕ್ಷೆಯ ಬಲ್ಬ್ ಪ್ರಖರವಾಗಿ ಉರಿಯಿತು. “ನೋಡಿ ಮಾಷ್ಟ್ರೇ, ಶಾರ್ಟ್ ಇನ್ನೂ ಉಂಟು!”

ಬಲ್ಬ್ ತಾನೇ ಪ್ರತಿರೋಧವಾಗಿ ನಿಂತದ್ದರಿಂದ ಪ್ರವಾಹ ಒಂದು ಆಂಪಿಯರ್ ದಾಟಲಿಲ್ಲ, ಯಾವ ವಯರೂ ಬಿಸಿಯಾಗಲಿಲ್ಲ. ಮತ್ತೆ ಹಿಂದಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದರು. ಎಡಬದಿಯದ್ದು ಬಿಚ್ಚಿದಾಗ ಬಲ್ಬ್ ಆರಿತು. ಅಲ್ಲಿ ಚಾಸಿಯ ತೂತಿನ ಅಂಚಿಗೆ ಉಜ್ಜಿ ಉಜ್ಜಿ ವಯರಿನ ಹೊದಿಕೆ ಸವೆದಿತ್ತು.

ತರಗತಿಯಲ್ಲಿ

ಟಾರ್ಚಿನ ಎರಡು ಸೆಲ್ ಮತ್ತು ಒಂದೇ ಬಗೆಯ ಎರಡು ಬಲ್ಬುಗಳನ್ನು ಶ್ರೇಣಿಯಲ್ಲಿ ಜೋಡಿಸಿ. ಎರಡೂ ಮಂದವಾಗಿ ಉರಿಯುತ್ತವೆ. ಎರಡನೇ ಬಲ್ಬಿನ ತುದಿಗಳಿಗೆ ಒಂದು ವಯರ್ ಅಡ್ಡ ಹಿಡಿಯಿರಿ. ಅದು ಆರುತ್ತದೆ, ಮೊದಲನೆಯದು ಪ್ರಕಾಶಮಾನವಾಗುತ್ತದೆ. ಅದು ಯಾಕೆ ಎಂದು ಮಕ್ಕಳೇ ಹೇಳಲಿ. ಮೊದಲನೇ ಬಲ್ಬ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂದೂ ಕೇಳಿ. ಕೇಳಿದರೆ ಸಾಕು, ಮಾಡಿ ನೋಡುವುದು ಬೇಡ. ಲಾರಿಯ ಬ್ಯಾಟರಿಯನ್ನಾಗಲಿ ಮನೆಯ ಪ್ಲಗ್ಗನ್ನಾಗಲಿ ಇದಕ್ಕೆ ಬಳಸಲೇಬಾರದು.

ಸಂಜೆ ಲಾರಿ ಹೊರಟಿತು. ಒಂದು ದಿನದ ಬಾಡಿಗೆ ಹೋಯಿತು, ರಿಪೇರಿಯ ಖರ್ಚು ಬೇರೆ. ಡೀಸೆಲ್ ಟ್ಯಾಂಕಿನ ಹತ್ತಿರ ಹೊತ್ತಿಕೊಂಡಿದ್ದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಮರುದಿನ ಹತ್ತನೆಯ ತರಗತಿಯಲ್ಲಿ ಕೇಳಿದೆ: “ಫ್ಯೂಸಿನ ಬದಲು ತಂತಿ ಕಟ್ಟಿದ್ದನ್ನು ನಿಮ್ಮ ಮನೆಯಲ್ಲಿ ನೋಡಿದ್ದೀರಾ?” ಏಳು ಕೈಗಳು ಮೇಲೆದ್ದವು. ನಿಮ್ಮ ತರಗತಿಯಲ್ಲಿಯೂ ಒಮ್ಮೆ ಕೇಳಿ ನೋಡಿ.