ಒಮಾಹಾ ನಗರದ ಮತದಾರರ ಒಲವು

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಕೀಯ ಭೂಪಟದಲ್ಲಿ ನೆಬ್ರಾಸ್ಕ ರಾಜ್ಯವು ರಿಪಬ್ಲಿಕನ್ ಪಕ್ಷದ ಭದ್ರನೆಲೆಯೆಂದು ಗಣಿತವಾಗಿದೆ. 1964ರಲ್ಲಿ ಲಿಂಡನ್ ಜಾನ್ಸನ್ ಗೆದ್ದ ತರುವಾಯ ಡೆಮೊಕ್ರಾಟಿಕ್ ಪಕ್ಷದ ಯಾವ ಅಧ್ಯಕ್ಷಾಭ್ಯರ್ಥಿಗೂ ಆ ರಾಜ್ಯದ ಬಹುಮತ ದೊರೆತಿಲ್ಲ. ಆದರೆ ಅದೇ ರಾಜ್ಯದ ಪೂರ್ವದಂಚಿನಲ್ಲಿ, ಮಿಸೌರಿ ನದಿಯ ದಡದಲ್ಲಿರುವ ಒಮಾಹಾ ನಗರವನ್ನು ಕೇಂದ್ರವಾಗಿ ಉಳ್ಳ ಕ್ಷೇತ್ರವು 2008, 2020 ಮತ್ತು 2024ರಲ್ಲಿ ಡೆಮೊಕ್ರಾಟಿಕ್ ಅಭ್ಯರ್ಥಿಯನ್ನು ಆರಿಸಿತು. 2012 ಮತ್ತು 2016ರಲ್ಲಿ ರಿಪಬ್ಲಿಕನ್ ಅಭ್ಯರ್ಥಿಯನ್ನು ಆರಿಸಿತು. 2020ರ ಜನಗಣತಿಯಂತೆ ಸುಮಾರು 4,86,000 ಜನವಸತಿಯುಳ್ಳ ಈ ನಗರವು ನಮ್ಮ ಅಧ್ಯಯನಕ್ಕೆ ಯೋಗ್ಯವಾಗಿರುವುದು ಅದರ ಗಾತ್ರದಿಂದಲ್ಲ. ಮತದಾರರ ಒಲವಿಗೂ ಮತಗಳನ್ನು ಎಣಿಸುವ ನಿಯಮಕ್ಕೂ ಇರುವ ಸಂಬಂಧವು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಅನ್ಯತ್ರ ಕಾಣುವುದು ವಿರಳ.

ಅಧ್ಯಕ್ಷರನ್ನು ಆರಿಸುವ ನಿರ್ವಾಚಕ ಮಂಡಲಿಯಲ್ಲಿ ಪ್ರತಿಯೊಂದು ರಾಜ್ಯಕ್ಕೂ ಅದರ ಪ್ರತಿನಿಧಿ ಸಭೆಯ ಸದಸ್ಯರು ಮತ್ತು ಇಬ್ಬರು ಸೆನೆಟರುಗಳ ಒಟ್ಟು ಸಂಖ್ಯೆಯಷ್ಟು ಮತಗಳಿವೆ. ಬಹುತೇಕ ರಾಜ್ಯಗಳಲ್ಲಿ ಗೆದ್ದವನಿಗೇ ಅವೆಲ್ಲವೂ ಸಲ್ಲುತ್ತವೆ. ಈ ಪದ್ಧತಿಗೆ ಹೊರತಾದವು ಎರಡೇ ರಾಜ್ಯಗಳು: 1972ರ ಚುನಾವಣೆಯಿಂದ ಮೇನ್, 1992ರ ಚುನಾವಣೆಯಿಂದ ನೆಬ್ರಾಸ್ಕ. ನೆಬ್ರಾಸ್ಕದ ಐದು ಮತಗಳಲ್ಲಿ ಎರಡು ರಾಜ್ಯದ ಒಟ್ಟು ಬಹುಮತಕ್ಕೂ, ಉಳಿದ ಮೂರು ಕ್ಷೇತ್ರವಾರು ಬಹುಮತಕ್ಕೂ ಸಲ್ಲುತ್ತವೆ. ನಿಯಮ ಬಂದು ಹದಿನಾರು ವರ್ಷಗಳವರೆಗೆ ಐದೂ ಮತಗಳು ಒಬ್ಬರಿಗೇ ಬಿದ್ದುವು. 2008ರಲ್ಲಿ ಬರಾಕ್ ಒಬಾಮಾ ಅವರು ಒಮಾಹಾದ ಎರಡನೆಯ ಕ್ಷೇತ್ರವನ್ನು ಅಲ್ಪಾಂತರದಿಂದ ಗೆದ್ದಾಗಲೇ ಅದರ ಫಲ ಗೋಚರವಾಯಿತು.

ನಗರದ ಒಳಗಣ ರಚನೆಯನ್ನು ನೋಡಿದರೆ ಒಲವು ಏಕರೂಪವಾದುದಲ್ಲವೆಂಬುದು ತಿಳಿಯುತ್ತದೆ. ದಕ್ಷಿಣ ಒಮಾಹಾ ದನದ ಮಾರುಕಟ್ಟೆಯನ್ನೂ ಮಾಂಸದ ಕಾರ್ಖಾನೆಗಳನ್ನೂ ಆಶ್ರಯಿಸಿ ಬೆಳೆದ ಪ್ರದೇಶ. ಚೆಕ್, ಪೋಲಿಷ್, ಲಿಥುವೇನಿಯನ್, ಐರಿಷ್ ವಲಸೆಗಾರರು ಅಲ್ಲಿ ಕೂಲಿಗೆ ನಿಂತರು. ಕಾರ್ಮಿಕ ಸಂಘಗಳು ಬೇರೂರಿದುವು. ಆ ಮಾರುಕಟ್ಟೆ 1999ರಲ್ಲಿ ಮುಚ್ಚಿಹೋಯಿತು. ಹಳೆಯ ವಲಸೆಗಾರರ ಬೀದಿಗಳಲ್ಲಿ ಈಗ ಲ್ಯಾಟಿನ್ ಅಮೆರಿಕ ಮೂಲದವರು ನೆಲೆಸಿದ್ದಾರೆ. ಉತ್ತರ ಒಮಾಹಾ ಆಫ್ರಿಕನ್ ಅಮೆರಿಕನ್ನರ ನೆಲೆ. ಅದರ ಪ್ರತಿನಿಧಿ ಅರ್ನಿ ಚೇಂಬರ್ಸ್ ಅವರು ಎರಡು ಪಕ್ಷಗಳಿಗೂ ಸೇರದೆ, ಎರಡು ಅವಧಿಗಳಲ್ಲಿ ಒಟ್ಟು 46 ವರ್ಷ ಶಾಸನಸಭೆಯಲ್ಲಿದ್ದರು. ಪಶ್ಚಿಮದ ಹೊಸ ಬಡಾವಣೆಗಳಾದರೋ ವಿಮೆ, ರೈಲ್ವೆ ಮೊದಲಾದ ಸಂಸ್ಥೆಗಳ ವಿದ್ಯಾವಂತ ಸಂಬಳದಾರರವು. ಬಹುಕಾಲ ರಿಪಬ್ಲಿಕನ್ ಪಕ್ಷದ ಆಸರೆಯಾಗಿದ್ದ ಇವರಲ್ಲಿ ಅನೇಕರು ಅಧ್ಯಕ್ಷ ಚುನಾವಣೆಯ ಮಟ್ಟಿಗೆ ಇತ್ತೀಚೆಗೆ ಸರಿಯತೊಡಗಿದ್ದಾರೆ. ಕಾಲೇಜು ಶಿಕ್ಷಣ ಪಡೆದ ಬಡಾವಣೆಗಳ ಈ ಸರಿತವು ದೇಶವ್ಯಾಪಿಯಾದುದು. ಒಮಾಹಾ ಅದಕ್ಕೆ ಹೊರತಲ್ಲ.

“ಅಧ್ಯಕ್ಷ ಚುನಾವಣೆಯ ಮಟ್ಟಿಗೆ” ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. 2020ರಲ್ಲಿ ಈ ಕ್ಷೇತ್ರದ ಮತಗಳಲ್ಲಿ ಸುಮಾರು ಶೇ. 52 ಜೋ ಬೈಡನ್ ಅವರಿಗೆ ಬಿದ್ದುವು. ಅದೇ ದಿನ, ಅದೇ ಮತಪತ್ರದಲ್ಲಿ, ಪ್ರತಿನಿಧಿ ಸಭೆಯ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಡಾನ್ ಬೇಕನ್ ಅವರು ಸುಮಾರು ಶೇ. 51 ಪಡೆದು ಗೆದ್ದರು. ಮುಂದಿನ ವರ್ಷವೇ ರಿಪಬ್ಲಿಕನ್ನರಾದ ಜೀನ್ ಸ್ಟಾಥರ್ಟ್ ಅವರು ದೊಡ್ಡ ಬಹುಮತದಿಂದ ಮೇಯರ್ ಪದವಿಗೆ ಮರಳಿದರು. ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರವನ್ನು ಪಾಲಿಸಬೇಕು. ಒಟ್ಟು ಮೊತ್ತಗಳಿಂದ ಬಿಡಿ ಮತದಾರನ ಮನಸ್ಸನ್ನು ಓದುವುದು ಅಪಾಯಕರ. ಆದರೂ ಎರಡು ಬಹುಮತಗಳನ್ನು ಕೂಡಿಸಿದರೆ ಮೊತ್ತವು ನೂರನ್ನು ಮೀರುವುದರಿಂದ, ಕನಿಷ್ಠಪಕ್ಷ ನೂರಕ್ಕೆ ಇಬ್ಬರಾದರೂ ಇಬ್ಬಗೆಯಾಗಿ ಮತವಿತ್ತಿರಲೇಬೇಕೆಂಬುದು ಬರಿಯ ಅಂಕಗಣಿತದಿಂದಲೇ ಸಿದ್ಧವಾಗುತ್ತದೆ. ಫಲಿತಾಂಶವನ್ನು ಮಗುಚಲು ಅಷ್ಟು ಸಾಕು.

ಇದಕ್ಕೆ ಕಾರಣವೇನು? 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಪಟ್ಟಣದ ಮತದಾರರನ್ನು ಬೆರೆಲ್ಸನ್, ಲಾಜರ್ಸ್‌ಫೆಲ್ಡ್ ಮತ್ತು ಮೆಕ್ಫೀ ಅವರು ಪರಿಶೀಲಿಸಿದಾಗ, ಕುಲ, ಮತಧರ್ಮ, ಕಸುಬು, ಗೆಳೆತನಗಳು ಒಂದೇ ಕಡೆಗೆ ಎಳೆದರೆ ಮತವು ಗಟ್ಟಿಯಾಗುತ್ತದೆಂದೂ, ಬೇರೆ ಬೇರೆ ಕಡೆಗೆ ಎಳೆದರೆ ಅಲುಗಾಡುತ್ತದೆಂದೂ ಕಂಡರು. ಪಶ್ಚಿಮ ಒಮಾಹಾದ ಗೃಹಸ್ಥನು ಬಹುಶಃ ಇಂಥ ಎಳೆತಕ್ಕೆ ಸಿಕ್ಕವನು. ತೆರಿಗೆಯ ವಿಚಾರದಲ್ಲಿ ಒಂದು ಕಡೆ, ಶಿಕ್ಷಣ ಸಂಸ್ಕಾರಗಳ ವಿಚಾರದಲ್ಲಿ ಇನ್ನೊಂದು ಕಡೆ. ಇದರೊಡನೆ ಸ್ಥಳೀಯ ಅಭ್ಯಾಸವನ್ನೂ ಗಣಿಸಬೇಕು. 1937ರಿಂದ ನೆಬ್ರಾಸ್ಕದ ಶಾಸನಸಭೆಗೆ ಒಂದೇ ಸದನ. ಅದರ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ. ಮೇಯರ್ ಚುನಾವಣೆಯಲ್ಲೂ ಹಾಗೆಯೇ. ವ್ಯಕ್ತಿಯ ಹೆಸರನ್ನು ನೋಡಿ ಮತ ಹಾಕುವ ರೂಢಿಯು ಅಲ್ಲಿನ ಜನಕ್ಕೆ ಹೊಸದಲ್ಲ.

ಒಂದು ಮತಕ್ಕೆ ಇಷ್ಟು ವಿಚಾರವೇಕೆಂದು ಕೇಳಬಹುದು. 2024ರಲ್ಲಿ ಕಮಲಾ ಹ್ಯಾರಿಸ್ ಅವರಿಗೆ 226 ನಿರ್ವಾಚಕ ಮತಗಳು ಬಂದುವು. ಮಿಷಿಗನ್, ಪೆನ್ಸಿಲ್ವೇನಿಯ, ವಿಸ್ಕಾನ್ಸಿನ್‌ಗಳ 44 ಮತಗಳೂ ಅವರಿಗೆ ಸಂದಿದ್ದರೆ ಮೊತ್ತ 270, ಅಂದರೆ ಗೆಲುವಿಗೆ ಬೇಕಾದಷ್ಟೇ. ಆ 270ರಲ್ಲಿ ಒಮಾಹಾದ ಮತವೂ ಒಂದು. ಅದು ಕಳೆದರೆ 269ರ ಸಮಬಲ. ಚುನಾವಣೆಗೆ ಮುನ್ನವೇ ಈ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಸೆಪ್ಟೆಂಬರಿನಲ್ಲಿ ಕ್ಷೇತ್ರವಾರು ನಿಯಮವನ್ನು ರದ್ದುಪಡಿಸಲು ರಿಪಬ್ಲಿಕನ್ನರು ಯತ್ನಿಸಿದರು. ದೀರ್ಘ ಚರ್ಚೆಯ ತಡೆಯನ್ನು ಮುರಿಯಲು 49 ಸದಸ್ಯರಲ್ಲಿ 33 ಮಂದಿಯ ಒಪ್ಪಿಗೆ ಬೇಕಿತ್ತು. ದಕ್ಷಿಣ ಒಮಾಹಾದ ಪ್ರತಿನಿಧಿ ಮೈಕ್ ಮೆಕ್‌ಡೊನೆಲ್ ಅವರು, ಅದೇ ವರ್ಷ ಡೆಮೊಕ್ರಾಟಿಕ್ ಪಕ್ಷವನ್ನು ತೊರೆದು ರಿಪಬ್ಲಿಕನ್ ಆಗಿದ್ದರೂ, ಚುನಾವಣೆಯ ಹೊಸ್ತಿಲಲ್ಲಿ ನಿಯಮ ಬದಲಿಸಲು ಒಪ್ಪಲಿಲ್ಲ, ಯತ್ನ ನಿಂತಿತು. 2025ರಲ್ಲಿ ಮತ್ತೆ ತಂದ ಮಸೂದೆಗೆ 31 ಮತಗಳು ಬಂದುವು, ಎರಡು ಸಾಲದೆ ಹೋಯಿತು.